ಏಳು ಸಾಲಿನ ‘ನಾವು’

ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ಮುಸ್ಲಿಮರ ನಮಾಜು ದಿನಕ್ಕೆ ಐದು ಹೊತ್ತು. ಬೆಳಗಿನ ಜಾವದ ಫಜ್ರ್‌ನಲ್ಲಿ 2 ರಕಅತ್, ಮಧ್ಯಾಹ್ನದ ಝುಹರ್‌ನಲ್ಲಿ 4, ಇಳಿಹೊತ್ತಿನ ಅಸರ್‌ನಲ್ಲಿ 4, ಸೂರ್ಯ ಮುಳುಗಿದ ಮೇಲಿನ ಮಗ್ರಿಬ್‌ನಲ್ಲಿ 3, ರಾತ್ರಿಯ ಇಶಾದಲ್ಲಿ 4. ನಿಂತು, ಬಾಗಿ, ಹಣೆಯನ್ನು ನೆಲಕ್ಕೆ ಹಚ್ಚಿ ಏಳುವ ಒಂದು ಸುತ್ತಿಗೆ ಒಂದು ರಕಅತ್ ಎನ್ನುತ್ತಾರೆ. ಎಲ್ಲ ಕೂಡಿಸಿದರೆ 17. ಇದು ಕಡ್ಡಾಯದ ಲೆಕ್ಕ ಮಾತ್ರ. ಈ ಪ್ರತಿಯೊಂದು ಸುತ್ತಿನಲ್ಲೂ ಬರುವ ಪಾಠ ಕುರಾನಿನ ಮೊದಲ ಅಧ್ಯಾಯ, ಫಾತಿಹಾ. ಅಂದರೆ ವರ್ಷಕ್ಕೆ ಆರು ಸಾವಿರಕ್ಕೂ ಹೆಚ್ಚು ಸಲ! ಇರುವುದು ಬರೀ ಏಳು ವಾಕ್ಯ.

ಇದು ಮಸೀದಿಯ ಒಳಗಿನವರಿಗೆ ಮಾತ್ರ ಸಂಬಂಧಿಸಿದ್ದು ಅಂದುಕೊಳ್ಳಬೇಡಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂದರೆ, ದರ್ಗಾದ ಉರುಸು ಬಂದರೆ, ಎಲ್ಲ ಜಾತಿಯವರೂ ‘ಸಕ್ಕರೆ ಓದಿಸಿಕೊಂಡು’ ಬರುತ್ತಾರಲ್ಲ, ಆ ಸಕ್ಕರೆಯ ಮೇಲೆ ಸಾಮಾನ್ಯವಾಗಿ ಓದುವುದು ಇದೇ ಫಾತಿಹಾವನ್ನು. ಹಾಗಾಗಿ ಅದರ ಹೆಸರು ಗೊತ್ತಿಲ್ಲದೆಯೇ ಅದನ್ನು ಕೇಳಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಾನು ಧರ್ಮಶಾಸ್ತ್ರ ಓದಿದವನಲ್ಲ, ಓದಿದ್ದು ಎಂಜಿನಿಯರಿಂಗ್. ಆದರೆ ಒಂದು ಪುಟ್ಟ ಪಠ್ಯ ಸಾವಿರದ ನಾನೂರು ವರ್ಷ ದಿನವೂ ಬಳಕೆಯಲ್ಲಿದ್ದರೆ ಅದರ ಸುತ್ತ ಎಂತೆಂಥ ಪ್ರಶ್ನೆಗಳು ಹುಟ್ಟಿಕೊಳ್ಳುತ್ತವೆ ಎನ್ನುವುದು ನನಗೆ ಬಹಳ ಕುತೂಹಲದ ವಿಷಯ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅರ್ಥ. ಫಾತಿಹಾ ಅಂದರೆ ತೆರೆಯುವುದು, ಆರಂಭ. ಗ್ರಂಥದ ತಾಯಿ ಎಂಬ ಅರ್ಥದ ‘ಉಮ್ಮುಲ್ ಕಿತಾಬ್’ ಅನ್ನುವ ಹೆಸರೂ ಇದಕ್ಕಿದೆ. ಇದರ ಮೊದಲ ಭಾಗ ಪೂರ್ತಿ ಸ್ತುತಿ. ಎಲ್ಲ ಲೋಕಗಳನ್ನು ಪೊರೆಯುವವನು, ದಯಾಮಯ, ಕೊನೆಯ ತೀರ್ಪಿನ ದಿನದ ಒಡೆಯ ಎಂದು ದೇವರನ್ನು ಹೊಗಳುತ್ತದೆ. ಇಲ್ಲಿಯವರೆಗೆ ಮಾತೆಲ್ಲ ದೇವರ ‘ಬಗ್ಗೆ’. ನಡುವಿಗೆ ಬರುತ್ತಿದ್ದಂತೆ ಥಟ್ಟನೆ ಮಾತು ದೇವರ ‘ಜೊತೆ’ ಆಗಿಬಿಡುತ್ತದೆ. ಅವನು ಎನ್ನುತ್ತಿದ್ದುದು ನೀನು ಆಗುತ್ತದೆ. ಪೂಜೆಯೂ ನಿನಗೇ, ನೆರವು ಕೇಳುವುದೂ ನಿನ್ನನ್ನೇ ಅನ್ನುವುದು ಆ ನಡುವಿನ ವಾಕ್ಯದ ತಾತ್ಪರ್ಯ. ಆಮೇಲೆ ಬೇಡಿಕೆ. ಹಣ, ಆಯಸ್ಸು, ಮಕ್ಕಳು ಯಾವುದೂ ಅಲ್ಲ... ಸರಿಯಾದ ದಾರಿ ಅಷ್ಟೇ. ದೇವರ ಕೃಪೆ ಪಡೆದವರ ದಾರಿ ಬೇಕು, ಅವನ ಕೋಪಕ್ಕೆ ಸಿಕ್ಕವರದು, ದಾರಿ ತಪ್ಪಿದವರದು ಬೇಡ ಎಂದು ಮುಗಿಯುತ್ತದೆ.

ಆ ಕೋಪಕ್ಕೆ ಸಿಕ್ಕವರು, ದಾರಿ ತಪ್ಪಿದವರು ಯಾರು ಎಂಬ ಬಗ್ಗೆ ಚರ್ಚೆ ಇದೆ. ಹಳೆಯ ವ್ಯಾಖ್ಯಾನಕಾರರಲ್ಲಿ ಬಹಳ ಮಂದಿ ಯಹೂದಿಗಳು ಮತ್ತು ಕ್ರೈಸ್ತರು ಎಂದು ಹೇಳಿದ್ದಾರೆ. ಆದರೆ ಮೂಲದಲ್ಲಿ ಯಾವ ಸಮುದಾಯದ ಹೆಸರೂ ಇಲ್ಲ. ಅದಕ್ಕೇ, ಇದು ಯಾರಿಗಾದರೂ ಅನ್ವಯಿಸಬಹುದಾದ ಎಚ್ಚರಿಕೆ, ಮೊದಲು ಓದುವವನಿಗೇ ಅನ್ವಯಿಸುವಂಥದ್ದು ಎಂದು ಓದುವವರೂ ಇದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ಈ ಬೇಡಿಕೆಯಲ್ಲಿ ‘ನಾನು’ ಇಲ್ಲ, ಇರುವುದೆಲ್ಲ ‘ನಾವು’. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಒಬ್ಬಳೇ ನಮಾಜಿಗೆ ನಿಂತ ಅಜ್ಜಿಯೂ, ರೈಲ್ವೆ ಪ್ಲಾಟ್‌ಫಾರಂ ಮೇಲೆ ಟವೆಲ್ ಹಾಸಿ ನಿಂತ ಒಬ್ಬಂಟಿಯೂ ಬಹುವಚನದಲ್ಲೇ ಕೇಳಬೇಕು. ಕನ್ನಡದಲ್ಲಿ ‘ನಾವು’ ಅಂದರೆ ಎದುರಿಗಿರುವವನು ಸೇರಿದ್ದಾನೋ ಇಲ್ಲವೋ ಗೊತ್ತಾಗುವುದಿಲ್ಲ. ತುಳುವಿನಲ್ಲಿ ‘ನಮ’ ಬೇರೆ, ‘ಎಂಕುಲು’ ಬೇರೆ. ಇಲ್ಲಿ ಎದುರಿಗಿರುವವನು ದೇವರಾದ್ದರಿಂದ ತುಳುವಿನ ಲೆಕ್ಕದಲ್ಲಿ ಇದು ‘ಎಂಕುಲು’. ಸರಿ, ಆ ಎಂಕುಲು ಯಾರು ಯಾರು? ಫಾತಿಹಾದ ಸುತ್ತ ನಡೆದ ಹಲವು ವಾದಗಳು ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತವೆ ಅಂತ ನನಗನಿಸುತ್ತದೆ.

ಮೊದಲನೆಯ ವಾದ ಭಾಷೆಯದು. ಅರಬ್ಬಿ ಬಾರದವನು ಏನು ಮಾಡಬೇಕು? ಇಸ್ಲಾಂ ಪರ್ಷಿಯಾಕ್ಕೆ ಹೋದ ಕೂಡಲೇ ಎದ್ದ ಪ್ರಶ್ನೆ ಇದು. ಪ್ರವಾದಿ ಮುಹಮ್ಮದರ ಒಡನಾಡಿಗಳಲ್ಲಿ ಪರ್ಷಿಯಾದವರಾದ ಸಲ್ಮಾನ್ ಫಾರ್ಸಿ ಎಂಬವರಿದ್ದರು. ತಮ್ಮ ನಾಡಿನವರು ಕೇಳಿಕೊಂಡಿದ್ದಕ್ಕೆ ಅವರು ಫಾತಿಹಾವನ್ನು ಪಾರ್ಸಿಯಲ್ಲಿ ಬರೆದುಕೊಟ್ಟರು, ಅರಬ್ಬಿಗೆ ನಾಲಗೆ ಹೊರಳುವವರೆಗೆ ಅವರು ಅದನ್ನೇ ನಮಾಜಿನಲ್ಲಿ ಓದುತ್ತಿದ್ದರು ಎಂಬ ಪ್ರತೀತಿಯನ್ನು 11ನೇ ಶತಮಾನದ ಕಾನೂನು ಪಂಡಿತ ಸರಖ್ಸಿ ದಾಖಲಿಸಿದ್ದಾರೆ. ಇದೇ ಪ್ರತೀತಿ ಮುಂದೆ ದೊಡ್ಡ ವಾದಕ್ಕೆ ಆಧಾರವಾಯಿತು. ಕೂಫಾದ ಇಮಾಮ್ ಅಬೂ ಹನೀಫಾ (ನಿಧನ 767) ಪಾರ್ಸಿಯಲ್ಲಿ ಓದಿದರೂ ನಮಾಜು ಸಿಂಧು ಎಂದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಶೈಬಾನಿ ಪೂರ್ತಿ ಒಪ್ಪಲಿಲ್ಲ. ಅರಬ್ಬಿ ಬಾರದವನಿಗೆ ಮಾತ್ರ ಈ ರಿಯಾಯಿತಿ ಎಂದರು. ಗುರುಗಳೇ ಕೊನೆಗೆ ಶಿಷ್ಯರ ಅಭಿಪ್ರಾಯಕ್ಕೆ ಬಂದರು ಎಂದು ಹನಫಿ ಪರಂಪರೆ ಹೇಳುತ್ತದೆ. ಇಮಾಮ್ ಶಾಫಿಈ (ನಿಧನ 820) ಅವರ ಪಂಥದಲ್ಲಂತೂ ಅನುವಾದಕ್ಕೆ ಜಾಗವೇ ಇಲ್ಲ.

ಮೇಲುನೋಟಕ್ಕೆ ಇದು ಉದಾರಿಗಳು ಮತ್ತು ಮಡಿವಂತರ ಜಗಳದ ಹಾಗೆ ಕಾಣುತ್ತದೆ. ಆದರೆ ಎರಡೂ ಕಡೆಯವರ ಚಿಂತೆ ಒಂದೇ, ‘ನಾವು’ ಒಡೆಯಬಾರದು ಅನ್ನುವುದು. ಭಾಷೆ ಬಾರದ ಹೊಸಬ ಹೊರಗುಳಿಯಬಾರದು ಎಂದು ಒಬ್ಬರು. ಊರಿಗೊಂದು ಭಾಷೆಯಲ್ಲಿ ಓದಿದರೆ ಒಂದೇ ಸಾಲಿನಲ್ಲಿ ನಿಲ್ಲುವುದು ಹೇಗೆ ಎಂದು ಇನ್ನೊಬ್ಬರು. ಅದೂ ಅಲ್ಲದೆ, ಕುರಾನಿನ ಶಬ್ದವೇ ದೈವವಾಣಿ, ಅನುವಾದ ಬರೀ ಅದರ ವಿವರಣೆ ಎಂಬ ನಂಬಿಕೆ ಎರಡನೆಯವರ ಕೈ ಬಲಪಡಿಸಿತು.

ಈ ಹಳೆಯ ವಾದ ಸಾವಿರ ವರ್ಷಗಳ ನಂತರ ಟರ್ಕಿಯಲ್ಲಿ ಮತ್ತೆ ಎದ್ದಿತು. 1926ರ ರಂಜಾನ್ ತಿಂಗಳಲ್ಲಿ ಇಸ್ತಾಂಬುಲ್‌ನ ಗೊಜ್ತೆಪೆ ಮಸೀದಿಯ ಇಮಾಮ್ ಜಮಾಲುದ್ದೀನ್ ಎಫೆಂದಿ ನಮಾಜಿನ ಪಾಠವನ್ನು ತುರ್ಕಿ ಭಾಷೆಯಲ್ಲೇ ಓದಿಬಿಟ್ಟರು. ದೂರು ಹೋಯಿತು, ಅವರನ್ನು ಆ ಕೆಲಸದಿಂದ ತೆಗೆದರು. ಅದೇ ಕಾಲಕ್ಕೆ ಸರ್ಕಾರ ಕುರಾನಿನ ತುರ್ಕಿ ಅನುವಾದದ ಕೆಲಸವನ್ನು ಮೆಹ್ಮೆತ್ ಆಕಿಫ್‌ಗೆ ವಹಿಸಿತ್ತು. ಟರ್ಕಿಯ ರಾಷ್ಟ್ರಗೀತೆ ಬರೆದ ಕವಿ ಆತ. ಆತ ಈಜಿಪ್ಟ್‌ನಲ್ಲಿ ಕೂತು ವರ್ಷಗಟ್ಟಲೆ ಅನುವಾದ ಮಾಡಿದ. ಆದರೆ ಅದನ್ನು ನಮಾಜಿನಲ್ಲಿ ಅರಬ್ಬಿಯ ಬದಲಿಗೆ ಹೇರುತ್ತಾರೆ ಎಂಬ ಭಯದಿಂದ ಸರ್ಕಾರಕ್ಕೆ ಕೊಡಲೇ ಇಲ್ಲ! ತನ್ನ ಭಾಷೆಯನ್ನು ಅಷ್ಟು ಪ್ರೀತಿಸಿದ ಕವಿ ತನ್ನ ಭಾಷೆಯದೇ ಹಸ್ತಪ್ರತಿಯನ್ನು ಬಚ್ಚಿಟ್ಟ. 1936ರಲ್ಲಿ ಆತ ತೀರಿಕೊಂಡ. ಕನ್ನಡಕ್ಕಾಗಿ ಕೀಲಿಮಣೆ ಕುಟ್ಟುವ ನಮಗೆ ಇದು ಸ್ವಲ್ಪ ಯೋಚಿಸಬೇಕಾದ ವಿಷಯ. ಓದಿ ತಿಳಿದುಕೊಳ್ಳಲು ತಾಯಿನುಡಿ ಬೇಕು ಅನ್ನುವುದು ಒಂದು, ಆಜ್ಞೆ ಮಾಡಿ ಪ್ರಾರ್ಥನೆಯ ನುಡಿ ಬದಲಾಯಿಸುವುದು ಇನ್ನೊಂದು. ಆಕಿಫ್ ಮೊದಲನೆಯದಕ್ಕೆ ಬೆವರು ಸುರಿಸಿದ, ಎರಡನೆಯದಕ್ಕೆ ಒಪ್ಪಲಿಲ್ಲ. 1932ರಿಂದ 1950ರವರೆಗೆ ಟರ್ಕಿಯಲ್ಲಿ ಬಾಂಗು ತುರ್ಕಿ ಭಾಷೆಯಲ್ಲೇ ಕೂಗಿತು. ಆದರೆ ನಮಾಜಿನ ಒಳಗಿನ ಫಾತಿಹಾ ಅರಬ್ಬಿಯಲ್ಲೇ ಉಳಿಯಿತು. 1950ರ ಜೂನ್‌ನಲ್ಲಿ ನಿಷೇಧ ತೆಗೆದ ಮೇಲೆ ಬಾಂಗೂ ಅರಬ್ಬಿಗೆ ಮರಳಿತು.

ಅನುವಾದ ಬೇಕು, ಆದರೆ ಅದು ಮೂಲದ ಜಾಗದಲ್ಲಿ ಕೂರಬಾರದು ಎಂಬ ಈ ಸೂಕ್ಷ್ಮ ನಮ್ಮ ಸುತ್ತಲಿನ ಚರಿತ್ರೆಯಲ್ಲೂ ಇದೆ. ಬೀದರ, ಕಲಬುರಗಿ, ರಾಯಚೂರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲ. ಅಲ್ಲಿ ನೌಕರಿಯಲ್ಲಿದ್ದ ಇಂಗ್ಲಿಷ್ ಲೇಖಕ ಮಾರ್ಮಡ್ಯೂಕ್ ಪಿಕ್ಥಾಲ್‌ಗೆ ನಿಜಾಮರು ಸಂಬಳ ಸಹಿತ ರಜೆ ಕೊಟ್ಟು ಕುರಾನಿನ ಇಂಗ್ಲಿಷ್ ಅನುವಾದ ಮಾಡಿಸಿದರು. 1930ರಲ್ಲಿ ಅದು ಅಚ್ಚಾಯಿತು. ಪಿಕ್ಥಾಲ್ ತಲೆಬರಹದಲ್ಲಿ ಬರೀ ಕುರಾನ್ ಎಂದು ಹಾಕಲಿಲ್ಲ, ಕುರಾನಿನ ‘ಅರ್ಥ’ ಎಂದು ಹಾಕಿದರು.

ಎರಡನೆಯ ವಾದ ದನಿಯದು. ಇದನ್ನು ನೀವು ನಮ್ಮ ರಾಜ್ಯದಲ್ಲೇ ಕೇಳಬಹುದು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಪಂಥದವರು. ಅರಬ್ ವ್ಯಾಪಾರಿಗಳ ಜೊತೆ ಕಡಲ ಹಾದಿಯಲ್ಲಿ ಬಂದ ಪಂಥ ಅದು. ಬಯಲುಸೀಮೆಯ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಇದು ಮಧ್ಯ ಏಷ್ಯಾ, ದೆಹಲಿಯ ಕಡೆಯಿಂದ ನೆಲದ ಹಾದಿಯಲ್ಲಿ ಬಂದದ್ದು. ಫಾತಿಹಾದ ಮೊದಲಿನ ಬಿಸ್ಮಿಲ್ಲಾ ಶಾಫಿಈಗಳಿಗೆ ಅದರ ಮೊದಲನೆಯ ವಾಕ್ಯ. ಹಾಗಾಗಿ ಗಟ್ಟಿಯಾಗಿ ಓದುವ ನಮಾಜಿನಲ್ಲಿ ಅವರು ಅದನ್ನೂ ಗಟ್ಟಿಯಾಗಿ ಓದುತ್ತಾರೆ. ಹನಫಿಗಳು ಮನಸ್ಸಿನೊಳಗೆ ಎಂಬಂತೆ ಮೆಲ್ಲಗೆ ಹೇಳಿ ಮುಂದಕ್ಕೆ ಹೋಗುತ್ತಾರೆ. ಹಾಗಾದರೆ ಏಳು ವಾಕ್ಯ ಹೇಗೆ ಆಗುತ್ತದೆ ಅಂತೀರಾ? ಬಿಸ್ಮಿಲ್ಲಾವನ್ನು ಎಣಿಸದವರು ಕೊನೆಯ ಉದ್ದ ವಾಕ್ಯವನ್ನು ಎರಡು ಮಾಡಿ ಎಣಿಸುತ್ತಾರೆ. ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಎಂದು ಜಗಳವಾಡುವ ನಮ್ಮ ವೃತ್ತಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ :-)

ಇಮಾಮರ ಹಿಂದೆ ನಿಂತವರು ಏನು ಮಾಡಬೇಕು? ಅವರೂ ಫಾತಿಹಾ ಓದಲೇಬೇಕು ಎಂದು ಶಾಫಿಈಗಳು. ಇಮಾಮರ ಓದೇ ಎಲ್ಲರ ಓದು, ನೀವು ಸುಮ್ಮನೆ ಕೇಳಿ ಎಂದು ಹನಫಿಗಳು. ಕೊನೆಯಲ್ಲಿ ಮಾತ್ರ ಇಬ್ಬರೂ ಒಂದು ಪದ ಹೇಳುತ್ತಾರೆ, ‘ಆಮೀನ್’. ಹಾಗೇ ಆಗಲಿ ಎಂದರ್ಥ. ಇದು ಕುರಾನಿನ ಪದವಲ್ಲ, ಬೇಡಿಕೆಯ ಕೆಳಗೆ ಹಾಕುವ ಸಹಿಯ ಹಾಗೆ. ಯಹೂದಿಗಳೂ ಕ್ರೈಸ್ತರೂ ಹೇಳುವ ಪದವೇ ಇದು. ಶಾಫಿಈಗಳು ಗಟ್ಟಿಯಾಗಿ ಹೇಳುತ್ತಾರೆ, ಹನಫಿಗಳು ಮೆಲ್ಲಗೆ.

ಈ ಒಂದು ಪದ ಕೋರ್ಟಿನ ಮೆಟ್ಟಿಲು ಹತ್ತಿತು ಅಂದರೆ ನಂಬ್ತೀರಾ? 19ನೇ ಶತಮಾನದಲ್ಲಿ ಉತ್ತರ ಭಾರತದಲ್ಲಿ ಅಹ್ಲೆ ಹದೀಸ್ ಎಂಬ ಚಳವಳಿ ಹಬ್ಬಿತು. ಅವರು ಆಮೀನನ್ನು ಗಟ್ಟಿಯಾಗಿಯೇ ಹೇಳಬೇಕು ಎನ್ನುವವರು. ಹನಫಿಗಳೇ ಹೆಚ್ಚಿದ್ದ ಮಸೀದಿಗಳಲ್ಲಿ ಇವರು ಗಟ್ಟಿಯಾಗಿ ಆಮೀನ್ ಅಂದರೆ ತಳ್ಳಾಟವೇ ಆಗುತ್ತಿತ್ತು. ಕಾಶಿಯ ಮಸೀದಿಯೊಂದರಲ್ಲಿ ಹೀಗೆ ಹೇಳಿದವರ ಮೇಲೆ ಪ್ರಾರ್ಥನಾ ಸಭೆಗೆ ಅಡ್ಡಿ ಮಾಡಿದ ಅಪರಾಧ, ಅಂದರೆ ಆಗಿನ ದಂಡ ಸಂಹಿತೆಯ 296ನೇ ಕಲಂ ಬಿತ್ತು. 1885ರಲ್ಲಿ ಮೊಕದ್ದಮೆ ಅಲಹಾಬಾದ್ ಹೈಕೋರ್ಟಿಗೆ ಬಂತು. ನ್ಯಾಯಪೀಠದಲ್ಲಿ ಸೈಯದ್ ಮಹಮೂದ್ ಇದ್ದರು. ಅಲೀಗಢದ ಸರ್ ಸೈಯದ್ ಅಹಮದ್ ಖಾನರ ಮಗ, ಆ ಹೈಕೋರ್ಟಿನ ಮೊದಲ ಭಾರತೀಯ ನ್ಯಾಯಮೂರ್ತಿ. ಉಳಿದ ನ್ಯಾಯಮೂರ್ತಿಗಳ ಜೊತೆ ಒಪ್ಪದೆ ಅವರು ದೀರ್ಘವಾದ ಭಿನ್ನ ತೀರ್ಪು ಬರೆದರು. ಅರಬ್ಬಿ ಮೂಲಗಳನ್ನೇ ಮುಂದಿಟ್ಟುಕೊಂಡು ವಾದಿಸಿದರು. ಆಮೀನ್ ಹೇಳುವುದನ್ನು ಎಲ್ಲ ಸುನ್ನಿ ಪಂಥಗಳೂ ಒಪ್ಪುತ್ತವೆ, ಭೇದ ಇರುವುದು ದನಿಯಲ್ಲಿ ಮಾತ್ರ, ಮಸೀದಿ ಒಂದು ಪಂಥದ ಆಸ್ತಿಯಲ್ಲ ಎಂಬುದು ಅವರ ನಿಲುವಿನ ಸಾರ. 1889ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಅದೇ ಹೈಕೋರ್ಟಿನ ಪೂರ್ಣಪೀಠವೂ ಮಸೀದಿಯ ಬಗ್ಗೆ ಇದೇ ದಾರಿ ಹಿಡಿಯಿತು. 1891ರಲ್ಲಿ ಇಂಥದ್ದೇ ಜಗಳವೊಂದು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು.

ಓದುವಾಗ ಮೊದಲು ನಗು ಬಂತು. ಒಂದು ಪದವನ್ನು ಎಷ್ಟು ಗಟ್ಟಿಯಾಗಿ ಹೇಳಬೇಕು ಅನ್ನುವುದಕ್ಕೆ ಸಮುದ್ರದಾಚೆಯ ಕೋರ್ಟು ಬೇಕಾ ಅಂತ. ಆಮೇಲೆ ನಗು ನಿಂತಿತು. ಅಲ್ಲಿ ಪಣಕ್ಕಿದ್ದದ್ದು ದನಿಯಲ್ಲ, ಜಾಗ. ಎಲ್ಲರ ಪರವಾಗಿ ‘ನಮಗೆ’ ಎಂದು ಆಗಷ್ಟೇ ಬೇಡಿಕೊಂಡ ಗುಂಪು, ಸಹಿ ಸ್ವಲ್ಪ ಜೋರಾಗಿ ಹಾಕಿದ ಎಂಬ ಕಾರಣಕ್ಕೆ ಪಕ್ಕದಲ್ಲಿ ನಿಂತವನನ್ನು ಹೊರಗೆ ದಬ್ಬಬಹುದಾ? ಮಹಮೂದರು ಆ ದಿನ ಉತ್ತರಿಸಿದ್ದು ಈ ಪ್ರಶ್ನೆಗೆ. ಇದು ಮುಸ್ಲಿಮರ ಪ್ರಶ್ನೆ ಮಾತ್ರ ಅಂತ ನಾನಂತೂ ಅಂದುಕೊಂಡಿಲ್ಲ. ದೇವಸ್ಥಾನದ ಪಂಕ್ತಿಯಿಂದ ಹಿಡಿದು ನಮ್ಮ ನಮ್ಮ ಸಂಘಗಳವರೆಗೆ ‘ನಾವು’ ಎಂದು ಶುರುವಾದ ಎಷ್ಟು ಮಾತುಗಳು ಯಾರನ್ನೋ ಹೊರಗಿಡುವುದರಲ್ಲಿ ಮುಗಿಯುತ್ತವೆ, ನೀವೇ ನೋಡಿ.

ಫಾತಿಹಾದ ಏಳು ವಾಕ್ಯ ಯಾವುವು ಎಂದು ಎಣಿಸುವುದರಲ್ಲಿ ಭೇದ ಉಂಟು, ಓದುವ ದನಿಯಲ್ಲಿ ಭೇದ ಉಂಟು. ಆದರೆ ಬೇಡಿಕೆಯ ಬಹುವಚನವನ್ನು ಯಾವ ಪಂಥವೂ ಏಕವಚನ ಮಾಡಿಲ್ಲ. ಮಂಗಳೂರಿನ ಬಂದರಿನಲ್ಲೂ, ಕಲಬುರಗಿಯಲ್ಲೂ, ಕಾಶಿಯಲ್ಲೂ, ಇಸ್ತಾಂಬುಲ್‌ನಲ್ಲೂ ಇವತ್ತು ರಾತ್ರಿ ಇಶಾ ನಮಾಜಿಗೆ ನಿಂತವರು ಕೇಳುವುದು ‘ನಮಗೆ’ ಎಂದೇ.

ನಿಮ್ಮೂರಿನ ಕಡೆ ‘ಸಕ್ಕರೆ ಓದಿಸುವುದಕ್ಕೆ’ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ತಿಳಿದುಕೊಳ್ಳುವ ಆಸೆ ಇದೆ.