ರುದ್ರಪಟ್ಟಣದ ನಾದಪರಂಪರೆ

ಹಾಸನ ಜಿಲ್ಲೆಯ ಹಿರಿಮೆಯೆಂದೊಡನೆ ವಾಚಕರ ಮನಸ್ಸಿಗೆ ಬರುವುವು ಬೇಲೂರು, ಹಳೇಬೀಡು, ಅರಸೀಕೆರೆಗಳ ದೇವಾಲಯಗಳು. ಕ್ರಿ. ಶ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವಾಲಯದಲ್ಲಿ ಮದ್ದಳೆ ಬಾರಿಸುವ ಮದನಿಕೆಯುಂಟು. ಹಳೇಬೀಡಿನ ಭಿತ್ತಿಗಳಲ್ಲಿ ವಾದ್ಯಗಾರರೂ ನರ್ತಕಿಯರೂ ಉಂಟು. ರಾಣಿ ಶಾಂತಲೆಯು ಗೀತ ವಾದ್ಯ ನೃತ್ಯಗಳಲ್ಲಿ ಪ್ರವೀಣೆಯಾಗಿದ್ದಳೆಂದು ಶಾಸನಗಳು ಕೊಂಡಾಡಿವೆ. ಆದರೆ ಆಕೆ ಹಾಡಿದುದನ್ನು ಇಂದು ಕೇಳುವ ಬಗೆಯಿಲ್ಲ. ಶಿಲೆಯು ರೂಪವನ್ನು ಉಳಿಸಿತು. ನಾದವನ್ನು ಉಳಿಸುವ ಶಕ್ತಿ ಅದಕ್ಕಿಲ್ಲ.

ಆ ಕಾರ್ಯವನ್ನು ಇದೇ ಜಿಲ್ಲೆಯ ಸಣ್ಣ ಗ್ರಾಮವೊಂದು ಬೇರೆ ರೀತಿಯಲ್ಲಿ ಸಾಧಿಸಿತು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ತೀರದಲ್ಲಿರುವ ರುದ್ರಪಟ್ಟಣವೇ ಆ ಗ್ರಾಮ. ಪೂರ್ವಕಾಲದಲ್ಲಿ ದಕ್ಷಿಣದಿಂದ ವಲಸೆ ಬಂದ ಸಂಕೇತಿ ಬ್ರಾಹ್ಮಣರು ಇಲ್ಲಿ ನೆಲಸಿದರು. ಮನೆಯಲ್ಲಿ ಸಂಕೇತಿ ನುಡಿ, ಊರಿನಲ್ಲಿ ಕನ್ನಡ, ಅಧ್ಯಯನದಲ್ಲಿ ಸಂಸ್ಕೃತ. ಜೀವನಕ್ಕೆ ತೋಟ ಗದ್ದೆಗಳು. ವೇದಾಧ್ಯಯನದೊಡನೆ ಸಂಗೀತವೂ ಇವರ ಮನೆಗಳಲ್ಲಿ ಬೇರೂರಿತು.

ಇದು ಆಕಸ್ಮಿಕವೆಂದು ತೋರದು. ಗುರುವು ಒಮ್ಮೆ ಹೇಳಿದುದನ್ನು ಶಿಷ್ಯನು ಎರಡು ಬಾರಿ ಹೇಳುವುದು ವೇದಪಾಠದ ಕ್ರಮ. ಉದಾತ್ತ, ಅನುದಾತ್ತ, ಸ್ವರಿತಗಳಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಪಾಠವು ನಿಲ್ಲುವುದು. ಹೀಗೆ ಬಾಲ್ಯದಲ್ಲಿಯೇ ಹದವಾದ ಕಿವಿಗೆ ಸರಳೆ ಜಂಟಿಗಳು ಹೊಸವಲ್ಲ. ಪುಸ್ತಕಕ್ಕಿಂತ ಮಿಗಿಲಾಗಿ ತಂದೆಯ ಕಂಠವೇ ಮಕ್ಕಳಿಗೆ ಗ್ರಂಥವಾಯಿತು.

1920ರಲ್ಲಿ ಇಲ್ಲಿ ಜನಿಸಿದ ಆರ್. ಕೆ. ಶ್ರೀಕಂಠನ್ ಅವರ ಜೀವನವೇ ಇದಕ್ಕೆ ನಿದರ್ಶನ. ತಂದೆ ಕೃಷ್ಣಶಾಸ್ತ್ರಿಗಳು ಸಂಸ್ಕೃತಪಂಡಿತರು, ಸಂಗೀತಜ್ಞರು. ಅಣ್ಣ ವೆಂಕಟರಾಮಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಇವರಿಬ್ಬರಿಂದ ಪಾಠವಾದ ಬಳಿಕ ಶ್ರೀಕಂಠನ್ ಅವರು ಮೈಸೂರಿನಲ್ಲಿ ಬೆಳೆದು, ಆಕಾಶವಾಣಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, 1995ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಬಿರುದನ್ನೂ 2011ರಲ್ಲಿ ಪದ್ಮಭೂಷಣವನ್ನೂ ಪಡೆದರು. 2014ರಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ದಿವಂಗತರಾದರು. ತ್ಯಾಗರಾಜನ್ ಮತ್ತು ತಾರಾನಾಥನ್ ಸೋದರರು 'ರುದ್ರಪಟ್ಟಣ ಸಹೋದರರು' ಎಂದೇ ಖ್ಯಾತರು. ಇದೇ ಊರಿನ ವಿದ್ವಾನ್ ಆರ್. ಕೆ. ಪದ್ಮನಾಭ ಅವರ ಪ್ರಯತ್ನದಿಂದ ಇಲ್ಲಿ ತಂಬೂರಿಯ ಆಕಾರದ ಮಂದಿರವು ನಿರ್ಮಾಣವಾಗಿದೆ, ಸಂಗೀತೋತ್ಸವಗಳೂ ನಡೆದಿವೆ.

ಈ ವಿದ್ವಾಂಸರೆಲ್ಲರ ಹೆಸರಿನ ಮೊದಲಕ್ಷರವು ರುದ್ರಪಟ್ಟಣವನ್ನೇ ಸೂಚಿಸುವುದು. ಆದರೆ ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಅನೇಕ ಮನೆತನಗಳು ಮೈಸೂರು ಬೆಂಗಳೂರುಗಳನ್ನು ಸೇರಿದವು. ಉತ್ಸವದ ದಿನ ಊರು ತುಂಬುವುದು ಸಂತೋಷವೇ ಸರಿ. ಮಿಕ್ಕ ದಿನಗಳಲ್ಲಿ ಜಗಲಿಯ ಮೇಲೆ ಮಕ್ಕಳಿಗೆ ಪಾಠವಾಗದಿದ್ದರೆ ಆ ಅಕ್ಷರವು ಬರಿಯ ಗುರುತಾಗಿ ಉಳಿದೀತು. ಬೇಲೂರಿನ ಮದನಿಕೆಗೆ ಕಾವಲುಗಾರನಿದ್ದರೆ ಸಾಕು. ರುದ್ರಪಟ್ಟಣದ ಸಂಪತ್ತಿಗೆ ಬೇಕಾದವನು ಶಿಷ್ಯ.