ಮಿತಭಾಷಿ ರೇಡಿಯೊಗಳಿಗೆ ತಕ್ಕ ಕೆಲಸ ಯಾವುದು?

ರಸ್ತೆ ಬದಿಯ ಗುಂಡಿಯಲ್ಲಿರುವ ನೀರಿನ ಮೀಟರು ದಿನಕ್ಕೊಮ್ಮೆ ತನ್ನ ರೀಡಿಂಗ್ ಕಳಿಸಿದರೆ ಸಾಕು. ಆದರೆ ಅಲ್ಲಿ ಕರೆಂಟ್ ಇಲ್ಲ, ಮೇಲೆ ಕಬ್ಬಿಣದ ಮುಚ್ಚಳ ಬೇರೆ. ವೈಫೈ ಅಷ್ಟು ದೂರ ಮುಟ್ಟದು. ಮಾಮೂಲಿ ಮೊಬೈಲ್ ಮೋಡೆಮ್ ಇಟ್ಟರೆ ಬ್ಯಾಟರಿ ಬಹುಕಾಲ ಬಾಳದು. ಹೆಚ್ಚು ದೂರ, ಕಡಿಮೆ ವಿದ್ಯುತ್ತಿನ ವೈರ್‌ಲೆಸ್ ಜಾಲಗಳು (ಎಲ್‌ಪಿವ್ಯಾನ್) ಬೆಳೆದದ್ದು ಇಂಥ ಕೆಲಸಗಳಿಗಾಗಿ. ಸುಮಾರು ಹದಿನೈದು ವರ್ಷಗಳಲ್ಲಿ ಅವು ಎಲ್ಲಿ ನೆಲೆನಿಂತವು, ಎಲ್ಲಿ ಎಡವಿದವು ಎಂದು ನೋಡಿದರೆ ಉದ್ಯಮಗಳಿಗೆ ಒಂದು ಅಳತೆಗೋಲು ಸಿಗುತ್ತದೆ.

ಈ ಜಾಲಗಳ ಗುಟ್ಟು ನಿಧಾನದಲ್ಲಿದೆ. ಸಂತೆಯ ಗದ್ದಲದಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರೆ ದೂರದವರಿಗೂ ತಿಳಿಯುವಂತೆ, ವೇಗ ಇಳಿಸಿದಷ್ಟೂ ಕ್ಷೀಣ ಸಂಕೇತವನ್ನು ಹೆಕ್ಕಿ ತೆಗೆಯಬಹುದು. 2010ರಲ್ಲಿ ಫ್ರಾನ್ಸಿನ ಟೂಲೂಸ್ ಬಳಿ ಹುಟ್ಟಿದ ಸಿಗ್‌ಫಾಕ್ಸ್ ಇದನ್ನು ತುದಿಮುಟ್ಟ ಒಯ್ದಿತು: ಸಂದೇಶಕ್ಕೆ 12 ಬೈಟ್, ದಿನಕ್ಕೆ 140 ಸಂದೇಶ, ಜಾಲದಿಂದ ಸಾಧನಕ್ಕೆ ಮರಳಿ ನಾಲ್ಕೇ ನಾಲ್ಕು. ಗ್ರೆನೋಬಲ್‌ನ ಸೈಕ್ಲಿಯೊ ರೂಪಿಸಿದ ಲೋರಾ ತಂತ್ರ 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಪಾಲಾಯಿತು. 2015ರಲ್ಲಿ ಲೋರಾ ಅಲಯನ್ಸ್ ರಚನೆಯಾಯಿತು. ಮರುವರ್ಷವೇ ನೆದರ್ಲೆಂಡ್ಸ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ದೇಶವ್ಯಾಪಿ ಲೋರಾ ಜಾಲಗಳು ಬಂದವು. ಅದೇ 2016ರಲ್ಲಿ ಮೊಬೈಲ್ ಕಂಪನಿಗಳ ಉತ್ತರವೂ ಸಿದ್ಧವಾಯಿತು: ಪರವಾನಗಿ ಪಡೆದ ತರಂಗಗಳಲ್ಲಿ ಓಡುವ ಎನ್‌ಬಿ-ಐಒಟಿ. ಜಿಎಸ್‌ಎಂಗಿಂತ 20 ಡೆಸಿಬೆಲ್, ಅಂದರೆ ನೂರು ಪಟ್ಟು, ಹೆಚ್ಚು ಕ್ಷೀಣಿಸಿದ ಸಂಕೇತವನ್ನೂ ಹಿಡಿಯುವುದು ಅದರ ಗುರಿಯಾಗಿತ್ತು.

ಹುರುಪು ಇಳಿದ ಮೇಲೆ ಲೆಕ್ಕಾಚಾರ ಶುರುವಾಯಿತು. ಜಪಾನಿನ ಡೊಕೊಮೊ 2020ರಲ್ಲಿ ತನ್ನ ಎನ್‌ಬಿ-ಐಒಟಿ ಸೇವೆ ನಿಲ್ಲಿಸಿತು. 2022ರ ಜನವರಿಯಲ್ಲಿ ಸಿಗ್‌ಫಾಕ್ಸ್ ನ್ಯಾಯಾಲಯದ ರಕ್ಷಣೆಗೆ ಮೊರೆಹೋಗಿ, ಕೆಲವೇ ತಿಂಗಳಲ್ಲಿ ಸಿಂಗಾಪುರದ ಯುನಾಬಿಜ್‌ಗೆ ಮಾರಾಟವಾಯಿತು. 2025ರಲ್ಲಿ ಅಮೆರಿಕದ ಎಟಿ ಆ್ಯಂಡ್ ಟಿ ಕೂಡ ಎನ್‌ಬಿ-ಐಒಟಿ ಕೈಬಿಟ್ಟಿತು. ಒಂದೊಂದು ಸಾಧನದಿಂದ ಬರುವ ಆದಾಯ ಬಿಡಿಗಾಸು, ಜಾಲಕ್ಕೆ ಹೂಡುವ ಬಂಡವಾಳವೋ ದೊಡ್ಡದು. ಹತ್ತು ವರ್ಷ ಬಾಳಬೇಕಾದ ಮೀಟರು ಹಾಕುವವರು ಜಾಲವೂ ಅಷ್ಟು ವರ್ಷ ಇರುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ಸಾಧನಗಳ ಸಂದೇಶ ಹಿಡಿಯುವ ಕೇಂದ್ರವನ್ನು, ಅಂದರೆ ಗೇಟ್‌ವೇಯನ್ನು, ಸ್ವಂತಕ್ಕೆ ನಿಲ್ಲಿಸಿಕೊಳ್ಳಲು ಲೋರಾದಲ್ಲಿ ಅವಕಾಶವಿದೆ; ಕಾರ್ಖಾನೆ, ಬಂದರುಗಳಿಗೆ ಅದು ಹಿಡಿಸಿದ್ದು ಸಹಜ.

ಇನ್ನು ಕೆಲಸದ ಆಯ್ಕೆ. ಮತ್ತೆ ಆ ನೀರಿನ ಮೀಟರನ್ನೇ ನೋಡಿ. ರೀಡಿಂಗ್‌ಗೆ 4 ಬೈಟ್ ಕೊಟ್ಟರೆ 429 ಕೋಟಿ ಲೀಟರ್‌ವರೆಗೆ ಎಣಿಸಬಹುದು. ಬ್ಯಾಟರಿಯ ಸ್ಥಿತಿಗೊಂದು, ಸೋರಿಕೆಯ ಸೂಚನೆಗೊಂದು ಬೈಟ್, ಒಟ್ಟು ಆರು. ಇಂದಿನ ಸಂದೇಶ ದಾರಿಯಲ್ಲೇ ಕಳೆದರೂ ನಾಳಿನ ರೀಡಿಂಗ್‌ನಲ್ಲಿ ಇಂದಿನ ಬಳಕೆಯೂ ಸೇರಿರುತ್ತದೆ. ಲೋರಾ ಸಾಧನಗಳು ಯಾರನ್ನೂ ಕೇಳದೆ ತಮಗೆ ಬೇಕಾದಾಗ ಮಾತಾಡುತ್ತವೆ, ಹಾಗಾಗಿ ಡಿಕ್ಕಿಗಳು ಆಗಿಯೇ ಆಗುತ್ತವೆ. ಅದನ್ನು ತಾಳಿಕೊಳ್ಳುವ ಕೆಲಸಕ್ಕಷ್ಟೇ ಈ ಜಾಲ ಒಗ್ಗುತ್ತದೆ. ತಾಣವೂ ಮುಖ್ಯ: ಹತ್ತು ಬೈಟ್ ಕಳಿಸಲು ಗೇಟ್‌ವೇ ಹತ್ತಿರವಿದ್ದರೆ 0.06 ಸೆಕೆಂಡ್ ಸಾಕು, ವ್ಯಾಪ್ತಿಯ ಅಂಚಿನಲ್ಲಿದ್ದರೆ ಒಂದೂವರೆ ಸೆಕೆಂಡ್ ಬೇಕು. ಗುಂಡಿಯೊಳಗಿನ ಮೀಟರಿನ ಬ್ಯಾಟರಿ ಖಾಲಿಯಾಗುವುದು ಹೀಗೆ. ಅಂಥಲ್ಲಿ ಇನ್ನೊಂದು ಗೇಟ್‌ವೇ ಹಾಕುವುದೇ ಮದ್ದು.

ಕವಾಟ ಮುಚ್ಚುವ ಕೆಲಸಕ್ಕೆ ಇದೇ ಮೀಟರನ್ನು ನಂಬುವಂತಿಲ್ಲ. ಬ್ಯಾಟರಿ ಉಳಿಸುವ ಲೋರಾ ಸಾಧನ ತಾನು ಮಾತಾಡಿದ ಮೇಲೆ ತುಸು ಹೊತ್ತು ಮಾತ್ರ ಕಿವಿಗೊಡುತ್ತದೆ. ಆಜ್ಞೆ ಮುಂದಿನ ಸರದಿಗೆ ಕಾಯಬೇಕು. ಹಾಗೆಯೇ ಯಂತ್ರದ ಕಂಪನದ ಕಚ್ಚಾ ದತ್ತಾಂಶವನ್ನು ಈ ಜಾಲದಲ್ಲಿ ಸಾಗಿಸಲಾಗದು. ಸೆನ್ಸರ್ ಅಲ್ಲೇ ಲೆಕ್ಕಹಾಕಿ ಸರಾಸರಿ ಅಂಕಿಯೊಂದನ್ನು ಕಳಿಸುವುದಾದರೆ ಅಡ್ಡಿಯಿಲ್ಲ.

ಭಾರತದಲ್ಲಿ 865–867 ಮೆಗಾಹರ್ಟ್ಸ್ ಪಟ್ಟಿ 2005ರಿಂದಲೇ ಪರವಾನಗಿಮುಕ್ತ. ಆದರೂ 25 ಕೋಟಿ ಸ್ಮಾರ್ಟ್ ಪ್ರೀಪೇಯ್ಡ್ ವಿದ್ಯುತ್ ಮೀಟರುಗಳ ಯೋಜನೆಯಲ್ಲಿ ಮೊಬೈಲ್ ಜಾಲಗಳು ಮತ್ತು ಮೀಟರಿನಿಂದ ಮೀಟರಿಗೆ ಸಂದೇಶ ದಾಟಿಸುವ ಆರ್‌ಎಫ್ ಮೆಶ್ ಜಾಲಗಳೇ ಮುಂದಿವೆ. ಕಾರಣ ಸರಳ: ಈ ಮೀಟರಿಗೆ ಕರೆಂಟಿನ ಕೊರತೆಯಿಲ್ಲ, ಕಳಿಸುವ ಮಾಹಿತಿ ಹೆಚ್ಚು, ರೀಚಾರ್ಜ್ ಆದೊಡನೆ ಲೈನ್ ಮರಳಬೇಕು. ನಮ್ಮ ಬೋರ್‌ವೆಲ್ ಮೋಟಾರುಗಳ ಸ್ಟಾರ್ಟರ್‌ಗೆ ಸಿಮ್ ಹಾಕುವುದೂ ಇದೇ ಲೆಕ್ಕದಲ್ಲಿ ಸರಿ. ಕರೆಂಟ್ ಅಲ್ಲೇ ಇದೆ. ಮೋಟಾರು ಆನ್ ಆಯಿತೋ ಇಲ್ಲವೋ ಎಂದು ರೈತರಿಗೆ ಆ ಕ್ಷಣವೇ ತಿಳಿಯಬೇಕು. ಅದೇ ತೋಟದ ಮಣ್ಣಿನ ತೇವ ಗಂಟೆಗಟ್ಟಲೆ ನಿಧಾನವಾಗಿ ಬದಲಾಗುವಂಥದ್ದು. ಅಲ್ಲಿ ಲೋರಾ ಸೊಗಸಾಗಿ ಹೊಂದುತ್ತದೆ.

ಟೆಂಡರ್ ಕರೆಯುವವರು ಎಷ್ಟು ಕಿಲೋಮೀಟರ್ ಎಂದು ಕೇಳುವುದು ರೂಢಿ. ಒಂದು ಸಂದೇಶ ಕಳೆದರೆ ಅಥವಾ ಗಂಟೆ ತಡವಾದರೆ ಏನಾಗುತ್ತದೆ ಎಂದು ಅದಕ್ಕೂ ಮೊದಲು ಕೇಳಿಕೊಳ್ಳಲಿ. ಏನೂ ಆಗದು ಎನ್ನುವಂತಿದ್ದರೆ ಈ ಜಾಲ ಕಾಸಿಗೆ ತಕ್ಕ ಕೆಲಸ ಮಾಡುತ್ತದೆ. ಯಾರಾದರೂ ಗಾಯಗೊಳ್ಳುವಂತಿದ್ದರೆ ತಂತಿ ಎಳೆಯುವುದೇ ಲೇಸು.