ನೈಜೀರಿಯಾಕ್ಕೆ ಹೋಗುವವರು ತಿಳಿದಿರಬೇಕಾದ ವೀಸಾ ನಿಯಮಗಳು

ಪಶ್ಚಿಮ ಆಫ್ರಿಕಾದಲ್ಲಿ ಅತಿ ಹೆಚ್ಚು ಜನಸಂಖ್ಯೆಯುಳ್ಳ ದೇಶ ನೈಜೀರಿಯಾ. ವ್ಯಾಪಾರ, ಕಾರ್ಖಾನೆ ಕೆಲಸ, ಶಿಕ್ಷಣ, ಧರ್ಮಸೇವೆ ಹೀಗೆ ನಾನಾ ಕಾರಣಗಳಿಂದ ಭಾರತೀಯರು ಅಲ್ಲಿಗೆ ಹೋಗುತ್ತಾರೆ. ವೀಸಾ ಸಿಗುವುದು ಒಂದು ವಿಷಯ. ಸಿಕ್ಕಿದ ವೀಸಾ ನಾವು ಮಾಡಹೊರಟ ಕೆಲಸಕ್ಕೆ ಹೊಂದುತ್ತದೆಯೇ ಎಂಬುದು ಇನ್ನೊಂದು. ಈ ಎರಡನೆಯದನ್ನು ಮರೆತರೆ ತೊಂದರೆ ತಪ್ಪದು. ಆದುದರಿಂದ ಮುಖ್ಯ ನಿಯಮಗಳನ್ನು ಇಲ್ಲಿ ಕ್ರಮವಾಗಿ ನೀಡುತ್ತಿದ್ದೇವೆ.

ಯಾರಿಗೆ ವೀಸಾ ಬೇಕು?

ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಆರ್ಥಿಕ ಸಮುದಾಯ (ಇಕೊವಾಸ್) 1975ರಲ್ಲಿ ಸ್ಥಾಪನೆಯಾಯಿತು. ಘಾನಾ, ಬೆನಿನ್, ಸೆನೆಗಲ್ ಮುಂತಾದ ಸದಸ್ಯ ರಾಷ್ಟ್ರಗಳ ಪ್ರಜೆಗಳು 1979ರ ಒಡಂಬಡಿಕೆಯಂತೆ 90 ದಿನಗಳವರೆಗೆ ವೀಸಾ ಇಲ್ಲದೆ ಬರಬಹುದು. ಭಾರತೀಯರಿಗೆ ಈ ಸವಲತ್ತು ಇಲ್ಲ. ಘಾನಾದಲ್ಲಿ ಹತ್ತು ವರ್ಷ ನೆಲೆಸಿರುವ ಭಾರತೀಯರಿಗೂ ಇಲ್ಲ. ಸವಲತ್ತು ಸಿಗುವುದು ಪಾಸ್‌ಪೋರ್ಟ್ ನೋಡಿಯೇ ಹೊರತು ವಾಸದ ಊರು ನೋಡಿ ಅಲ್ಲ.

ವೀಸಾಗಳ ವಿಧ

2020ರ ವೀಸಾ ನೀತಿಯಲ್ಲಿ 79 ಬಗೆಯ ವೀಸಾಗಳಿದ್ದವು. ಇವುಗಳನ್ನು ಅಲ್ಪಾವಧಿ ಭೇಟಿ, ತಾತ್ಕಾಲಿಕ ವಾಸ, ಖಾಯಂ ವಾಸ ಎಂದು ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ನಮ್ಮವರಿಗೆ ಸಾಮಾನ್ಯವಾಗಿ ಬೇಕಾಗುವವು ಇವು:

1. ಪ್ರವಾಸಿ ವೀಸಾ: ಸ್ಥಳಗಳನ್ನು ನೋಡಲು, ಬಂಧುಗಳನ್ನು ಭೇಟಿಯಾಗಲು.

2. ವ್ಯವಹಾರ ವೀಸಾ: ಸಭೆ, ಮಾತುಕತೆ, ಸಮ್ಮೇಳನಗಳಿಗೆ. ಇದರಲ್ಲಿ ನೌಕರಿ ಮಾಡುವಂತಿಲ್ಲ.

3. ತಾತ್ಕಾಲಿಕ ಕೆಲಸದ ಪರವಾನಗಿ: ಯಂತ್ರ ಜೋಡಣೆ, ದುರಸ್ತಿ, ತರಬೇತಿಯಂತಹ ಕೆಲವೇ ದಿನಗಳ ಕೆಲಸಕ್ಕೆ.

4. ಎಸ್.ಟಿ.ಆರ್. ವೀಸಾ: ಸಂಬಳದ ಕೆಲಸಕ್ಕೆ ಹೋಗುವವರಿಗೆ. ವಿದೇಶೀಯರನ್ನು ನೇಮಿಸಿಕೊಳ್ಳಲು ಕಂಪೆನಿಗೆ ಅಲ್ಲಿನ ಸರಕಾರ ಕೊಟ್ಟ ಕೋಟಾ ಇರಬೇಕು. ಈ ವೀಸಾದಲ್ಲಿ ತಲಪಿದವರು ನಿಗದಿತ ಅವಧಿಯೊಳಗೆ 'ಸೆರ್ಪಾಕ್' ಎಂಬ ವಾಸದ ಕಾರ್ಡು ಮಾಡಿಸಿಕೊಳ್ಳಬೇಕು.

ಧರ್ಮಸೇವೆಗೆ ಹೋಗುವ ಗುರುಗಳು ಮತ್ತು ಧರ್ಮಭಗಿನಿಯರು ಪ್ರವಾಸಿ ವೀಸಾದಲ್ಲಿ ಹೊರಡದೆ, ಆಹ್ವಾನಿಸುವ ಸಂಸ್ಥೆಯ ಮೂಲಕ ತಮ್ಮ ಸೇವೆಗೆ ತಕ್ಕ ವೀಸಾ ಪಡೆಯಬೇಕು.

ಅರ್ಜಿ

2025ರ ಮೇ 1ರಿಂದ ನೈಜೀರಿಯಾವು ವಿಮಾನ ನಿಲ್ದಾಣದಲ್ಲಿ ವೀಸಾ ಕೊಡುವ ಪದ್ಧತಿಯನ್ನು ಬಿಟ್ಟು, ಅಲ್ಪಾವಧಿ ಭೇಟಿಗೆ ಅಂತರ್ಜಾಲದ ಮೂಲಕ ಇ-ವೀಸಾ ನೀಡಲಾರಂಭಿಸಿತು. ಆಗಮನ ಮತ್ತು ನಿರ್ಗಮನದ ಕಾರ್ಡುಗಳನ್ನೂ ಅಂತರ್ಜಾಲದಲ್ಲೇ ತುಂಬುವ ವ್ಯವಸ್ಥೆ ಬಂತು. ಕನಿಷ್ಠ 6 ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್, ಭಾವಚಿತ್ರ, ಹಿಂದಿರುಗುವ ಟಿಕೆಟು, ಬ್ಯಾಂಕ್ ವಿವರ, ಆಹ್ವಾನ ಪತ್ರ ಅಥವಾ ಹೋಟೆಲ್ ಕಾಯ್ದಿರಿಸಿದ ಪತ್ರ ಸಿದ್ಧವಿರಲಿ. ಭಾರತದಲ್ಲಿ ನೈಜೀರಿಯಾದ ಹೈಕಮಿಷನ್ ಇರುವುದು ದೆಹಲಿಯಲ್ಲಿ.

ಹಳದಿ ಜ್ವರದ ಲಸಿಕೆ

ವೀಸಾದಷ್ಟೇ ಮುಖ್ಯವಾದುದು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ಇದನ್ನು ಸರಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ನೀಡುತ್ತಾರೆ. ಲಸಿಕೆ ಪಡೆದ 10 ದಿನಗಳ ನಂತರವಷ್ಟೇ ಅದು ಊರ್ಜಿತವಾಗುವುದರಿಂದ ಕೊನೆಯ ವಾರಕ್ಕೆ ಬಿಡಬಾರದು. 2016ರ ಜುಲೈ 11ರಿಂದ ಈ ಪ್ರಮಾಣಪತ್ರ ಜೀವನಪರ್ಯಂತ ಊರ್ಜಿತ. ಹಳೆಯ ಕಾರ್ಡು ಇದ್ದವರು ಮತ್ತೆ ಲಸಿಕೆ ಪಡೆಯಬೇಕಾಗಿಲ್ಲ. ಕಾರ್ಡು ಇಲ್ಲದೆ ಊರಿಗೆ ಮರಳಿದರೆ ಭಾರತದ ವಿಮಾನ ನಿಲ್ದಾಣದಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಎಚ್ಚರಿಕೆಯ ಮಾತು

"ಸದ್ಯ ವ್ಯವಹಾರ ವೀಸಾದಲ್ಲಿ ಹೋಗಿ, ಆಮೇಲೆ ಕಂಪೆನಿಯವರು ಸರಿಮಾಡುತ್ತಾರೆ" ಎಂದು ಏಜೆಂಟರು ಹೇಳಿದರೆ ನಂಬಬೇಡಿ. ಹಾಗೆ ಹೋದವರು ಅಲ್ಲಿನ ಕಾನೂನಿನ ಕಣ್ಣಿನಲ್ಲಿ ಅಪರಾಧಿಗಳಾಗುತ್ತಾರೆ. ಸಂಬಳ ಬಾರದಿದ್ದರೂ ಧೈರ್ಯವಾಗಿ ದೂರು ಕೊಡಲಾರರು. ಅವಧಿ ಮೀರಿ ಉಳಿದವರಿಗೆ ದಿನಕ್ಕೆ 15 ಡಾಲರ್ ದಂಡ ಹಾಗೂ ಮರುಪ್ರವೇಶ ನಿಷೇಧವನ್ನು ನೈಜೀರಿಯಾ ಸರಕಾರ 2025ರಲ್ಲಿ ಪ್ರಕಟಿಸಿದೆ.

ನೇಮಕಾತಿ ಪತ್ರದಲ್ಲಿರುವ ಕೆಲಸ ಮತ್ತು ವೀಸಾದಲ್ಲಿ ಬರೆದಿರುವ ಉದ್ದೇಶ ಒಂದೇ ಆಗಿದೆಯೇ ಎಂದು ಹಣ ಕಟ್ಟುವ ಮೊದಲೇ ಓದಿ ನೋಡಿ. ದಾಖಲೆಗಳ ಒಂದೊಂದು ಪ್ರತಿಯನ್ನು ಮನೆಯವರಲ್ಲಿ ಕೊಟ್ಟು ಹೋಗಿ. ತೊಂದರೆಯಾದರೆ ಅಬುಜಾದಲ್ಲಿರುವ ಭಾರತದ ಹೈಕಮಿಷನನ್ನು ಸಂಪರ್ಕಿಸಲು ಆ ಪ್ರತಿಗಳೇ ಆಧಾರ. ಶುಲ್ಕ ಮತ್ತು ನಿಯಮಗಳು ಬದಲಾಗುತ್ತಿರುವುದರಿಂದ, ಹೊರಡುವ ಮೊದಲು ನೈಜೀರಿಯಾ ವಲಸೆ ಇಲಾಖೆಯ ಅಧಿಕೃತ ಮಾಹಿತಿಯನ್ನು ನೋಡಿಕೊಳ್ಳಬೇಕೆಂದು ಓದುಗರಲ್ಲಿ ವಿನಂತಿಸುತ್ತೇವೆ.